ಒಂದು ಪೆಟ್ಟಿಗೆ, ಹಲವು ಆಟ: ಮನೆಯಲ್ಲಿ ಆರ್ಕೇಡ್ ಯಂತ್ರದ ನಿರ್ಮಾಣ

ನಾಣ್ಯ ಹಾಕಿ, ಎದುರಿಗೆ ನಿಂತು ಆಡುವ ವಿಡಿಯೊ ಗೇಮ್ ಯಂತ್ರವನ್ನು ಆರ್ಕೇಡ್ ಯಂತ್ರವೆನ್ನುತ್ತಾರೆ. ಆಳೆತ್ತರದ ಮರದ ಪೆಟ್ಟಿಗೆ, ಅದರೊಳಗೆ ಓರೆಯಾಗಿ ಕೂತ ಪರದೆ, ಸೊಂಟದೆತ್ತರದಲ್ಲಿ ಜಾಯ್‌ಸ್ಟಿಕ್ ಮತ್ತು ಗುಂಡಿಗಳಿರುವ ಹಲಗೆ, ನೆತ್ತಿಯ ಮೇಲೆ ಬೆಳಗುವ ಹೆಸರಿನ ಪಟ್ಟಿ ಇವಿಷ್ಟು ಅದರ ಹೊರರೂಪ. ಈ ಹಲಗೆಗೆ ನಿಯಂತ್ರಣ ಫಲಕವೆಂದೂ, ಹೆಸರಿನ ಪಟ್ಟಿಗೆ ಮಾರ್ಕೀ ಎಂದೂ ಹೆಸರು. ಹಳೆಯ ಯಂತ್ರಗಳು ಇಂದು ಸಂಗ್ರಾಹಕರ ವಸ್ತುಗಳಾಗಿದ್ದರೂ, ಅವುಗಳ ಆಟಗಳನ್ನು ಒಂದು ಸಣ್ಣ ಕಂಪ್ಯೂಟರ್ ನಡೆಸಬಲ್ಲುದಾದ್ದರಿಂದ, ಪ್ಲೈವುಡ್ ಕೆಲಸವನ್ನೂ ಸರಳ ತಂತಿ ಜೋಡಣೆಯನ್ನೂ ಬಲ್ಲವರು ಅಂಥ ಯಂತ್ರವೊಂದನ್ನು ಮನೆಯಲ್ಲೇ ಕಟ್ಟಿಕೊಳ್ಳಬಹುದು. ಆದರೆ ಹಲವು ಆಟಗಳಿಗೆ ಒಂದೇ ಪೆಟ್ಟಿಗೆ ಕಟ್ಟಹೊರಟವರು ಮರ ಕೊಯ್ಯುವ ಮೊದಲೇ ಒಂದು ಪ್ರಶ್ನೆಯನ್ನು ಬಗೆಹರಿಸಿಕೊಳ್ಳಬೇಕಾಗುತ್ತದೆ: ಅದರಲ್ಲಿ ಯಾವ ಯಾವ ಆಟಗಳನ್ನು ಆಡಬೇಕು?

ಒಂದು ಆಟಕ್ಕೆ ಒಂದು ಯಂತ್ರ

ಈ ಪ್ರಶ್ನೆಯ ಮಹತ್ವ ತಿಳಿಯಲು ಮೂಲ ಯಂತ್ರಗಳ ಸ್ವರೂಪವನ್ನು ಸ್ವಲ್ಪ ಗಮನಿಸಬೇಕು. ಅಟಾರಿ ಕಂಪನಿಯ ಪಾಂಗ್ 1972ರಲ್ಲಿ ಬಂದಾಗಿನಿಂದ ಹೆಚ್ಚುಕಡಿಮೆ ಒಂದೂವರೆ ದಶಕದವರೆಗೆ ಪ್ರತಿಯೊಂದು ಪೆಟ್ಟಿಗೆಯೂ ಬಹುಮಟ್ಟಿಗೆ ಒಂದೇ ಆಟಕ್ಕಾಗಿ ಹುಟ್ಟಿದ್ದು, ಅದರ ಪರದೆ, ಗುಂಡಿ, ಚಿತ್ರ ಎಲ್ಲವೂ ಆ ಆಟಕ್ಕೆ ಅಳತೆ ಕೊಟ್ಟು ಹೊಲಿಸಿದ ಅಂಗಿಯಂತಿದ್ದವು. ಟೈಟೊ ಕಂಪನಿಗಾಗಿ ತೊಮೊಹಿರೊ ನಿಶಿಕಾಡೊ ರೂಪಿಸಿದ ಸ್ಪೇಸ್ ಇನ್ವೇಡರ್ಸ್ (1978) ಆಟದ ಚಿತ್ರ ಕಪ್ಪು-ಬಿಳುಪಿನದಾಗಿದ್ದು, ಪರದೆಯ ಮೇಲೆ ಅಂಟಿಸಿದ ಬಣ್ಣದ ಪಾರದರ್ಶಕ ಪಟ್ಟಿಗಳೇ ಅದಕ್ಕೆ ಬಣ್ಣ ಕೊಡುತ್ತಿದ್ದವು. ನಾಮ್ಕೊ ಕಂಪನಿಯ ತೋರು ಇವಾತಾನಿ ರೂಪಿಸಿದ ಪ್ಯಾಕ್-ಮ್ಯಾನ್ (1980) ಆಟದಲ್ಲಿ ನಾಲ್ಕು ದಿಕ್ಕಿಗೆ ಓಲುವ ಜಾಯ್‌ಸ್ಟಿಕ್ ಒಂದೇ ಸಾಕಾಗಿದ್ದು, ಆಟದ ನಡುವೆ ಒತ್ತಬೇಕಾದ ಗುಂಡಿಯೇ ಇರಲಿಲ್ಲ. ಅಟಾರಿಯ ಆಸ್ಟೆರಾಯ್ಡ್ಸ್ (1979) ಯಂತ್ರದಲ್ಲಿ ಇದಕ್ಕೆ ತದ್ವಿರುದ್ಧವಾಗಿ ಜಾಯ್‌ಸ್ಟಿಕ್ ಇಲ್ಲದೆ ಐದು ಗುಂಡಿಗಳಿದ್ದವು. ಕ್ಯಾಪ್ಕಾಮ್ ಕಂಪನಿಯ ಸ್ಟ್ರೀಟ್ ಫೈಟರ್ 2 (1991) ಎಂಟು ದಿಕ್ಕಿನ ಜಾಯ್‌ಸ್ಟಿಕ್ಕನ್ನೂ ಪ್ರತಿ ಆಟಗಾರನಿಗೆ ಆರು ಗುಂಡಿಗಳನ್ನೂ ಬೇಡಿತು.

ಒಂದೇ ಪೆಟ್ಟಿಗೆಯಲ್ಲಿ ಆಟ ಬದಲಿಸುವ ಅನುಕೂಲ ಎರಡು ಹಂತಗಳಲ್ಲಿ ಬಂದಿತು. ಜಪಾನಿನ ಆಟಯಂತ್ರ ತಯಾರಕರ ಸಂಘ 1985ರಲ್ಲಿ 56 ಸಂಪರ್ಕಗಳ ಜಾಮಾ ಎಂಬ ಸಮಾನ ಜೋಡಣೆಯನ್ನು ಗೊತ್ತುಪಡಿಸಿದ್ದರಿಂದ, ಪೆಟ್ಟಿಗೆಯ ತಂತಿಗಳನ್ನು ಮುಟ್ಟದೆ ಆಟದ ಸರ್ಕ್ಯೂಟ್ ಬೋರ್ಡ್ ಒಂದನ್ನೇ ಬದಲಿಸುವುದು ಸಾಧ್ಯವಾಯಿತು. 1990ರಲ್ಲಿ ಬಂದ ಎಸ್‌ಎನ್‌ಕೆ ಕಂಪನಿಯ ನಿಯೊ ಜಿಯೊ ಯಂತ್ರದ ಕೆಲವು ಮಾದರಿಗಳು ಆಟಗಳಿರುವ ಆರು ಕಾರ್ಟ್ರಿಡ್ಜ್‌ಗಳವರೆಗೆ ಒಟ್ಟಿಗೆ ಹಿಡಿದಿಟ್ಟು, ಆಟಗಾರನಿಗೆ ಆಯ್ಕೆ ಕೊಟ್ಟವು. ನಿಯೊ ಜಿಯೊದ ಯಶಸ್ಸಿನಲ್ಲಿ ನಿರ್ಮಾಪಕರಿಗೆ ಒಂದು ಪಾಠವಿದೆ. ಒಂದು ಜಾಯ್‌ಸ್ಟಿಕ್ ಮತ್ತು ನಾಲ್ಕು ಗುಂಡಿ ಎಂಬ ಒಂದೇ ಫಲಕಕ್ಕೆ ಹೊಂದುವಂತೆ ಅದರ ಆಟಗಳನ್ನು ಮೊದಲೇ ರೂಪಿಸಲಾಗಿತ್ತು. ಮನೆಯಲ್ಲಿ ಕಟ್ಟುವವರಿಗೆ ಈ ಸೌಲಭ್ಯವಿಲ್ಲ, ಏಕೆಂದರೆ ಅವರು ಒಂದುಗೂಡಿಸಹೊರಟ ಆಟಗಳು ಬೇರೆ ಬೇರೆ ಕಂಪನಿಗಳಲ್ಲಿ, ಬೇರೆ ಬೇರೆ ಕಾಲದಲ್ಲಿ, ಒಂದರ ಪರಿವೆ ಇನ್ನೊಂದಕ್ಕಿಲ್ಲದೆ ಹುಟ್ಟಿದವು.

ಆಟಗಳ ಪಟ್ಟಿ

ಆದ್ದರಿಂದ ಮೊದಲ ಕೆಲಸ ಕಾಗದದ ಮೇಲಿನದು. ಬೇಕಾದ ಆಟಗಳ ಹೆಸರನ್ನು ಬರೆದು, ಪ್ರತಿಯೊಂದರ ಎದುರು ಜಾಯ್‌ಸ್ಟಿಕ್ ಎಷ್ಟು ದಿಕ್ಕಿನದು, ಗುಂಡಿಗಳೆಷ್ಟು, ಪರದೆ ನಿಂತದ್ದೋ ಮಲಗಿದ್ದೋ, ಏಕಕಾಲಕ್ಕೆ ಆಡುವವರೆಷ್ಟು ಎಂಬ ನಾಲ್ಕು ವಿವರಗಳನ್ನು ಗುರುತಿಸಬೇಕು. ಉದಾಹರಣೆಗೆ ಸ್ಪೇಸ್ ಇನ್ವೇಡರ್ಸ್, ಪ್ಯಾಕ್-ಮ್ಯಾನ್, ಗ್ಯಾಲಗಾ (1981), ಡಾಂಕಿ ಕಾಂಗ್ (1981) ಈ ನಾಲ್ಕನ್ನು ಆರಿಸಿದರೆ, ನಾಲ್ಕಕ್ಕೂ ನಿಂತ ಪರದೆ ಬೇಕು, ಹೆಚ್ಚೆಂದರೆ ಒಂದು ಗುಂಡಿ ಸಾಕು, ಇಬ್ಬರಿದ್ದರೂ ಸರದಿಯ ಮೇಲೆ ಆಡುವುದರಿಂದ ಒಂದೇ ಜಾಯ್‌ಸ್ಟಿಕ್ ಸಾಕು. ಈ ನಾಲ್ಕೂ ಒಂದು ಕುಟುಂಬದಂತೆ ಹೊಂದಿಕೊಳ್ಳುತ್ತವೆ. ಇದೇ ಪಟ್ಟಿಗೆ ಸ್ಟ್ರೀಟ್ ಫೈಟರ್ 2 ಸೇರಿದ ಕೂಡಲೇ ಮಲಗಿದ ಪರದೆ, ಎರಡು ಜಾಯ್‌ಸ್ಟಿಕ್, ಹನ್ನೆರಡು ಗುಂಡಿ, ಅಗಲವಾದ ಪೆಟ್ಟಿಗೆ ಇವೆಲ್ಲ ಬೇಕಾಗುತ್ತವೆ. ಅಟಾರಿಯ ಸೆಂಟಿಪೀಡ್‌ಗೆ ಅಂಗೈಯಿಂದ ಉರುಳಿಸುವ ಟ್ರ್ಯಾಕ್‌ಬಾಲ್ ಎಂಬ ಗೋಲವೂ, ಟೈಟೊದ ಅರ್ಕನಾಯ್ಡ್‌ಗೆ ಬೆರಳಿನಿಂದ ತಿರುಗಿಸುವ ಸ್ಪಿನ್ನರ್ ಎಂಬ ತಿರುಗುಗುಂಡಿಯೂ ಅಗತ್ಯವಾಗಿದ್ದು, ಇವನ್ನೂ ಒಂದೇ ಫಲಕದಲ್ಲಿ ತುರುಕಿದರೆ ಅಂಗೈ ಊರಲು ಜಾಗವೇ ಉಳಿಯುವುದಿಲ್ಲ.

ಜಾಯ್‌ಸ್ಟಿಕ್‌ನ ದಿಕ್ಕುಗಳ ಪ್ರಶ್ನೆ ಹೊರನೋಟಕ್ಕೆ ಸಣ್ಣದೆನಿಸಿದರೂ ಆಟದ ಸುಖ ಬಹುಪಾಲು ಅದನ್ನೇ ಅವಲಂಬಿಸಿದೆ. ಜಾಯ್‌ಸ್ಟಿಕ್‌ನ ತಳದಲ್ಲಿ ನಾಲ್ಕು ಸಣ್ಣ ಸ್ವಿಚ್‌ಗಳಿದ್ದು, ಎಂಟು ದಿಕ್ಕಿನ ಮಾದರಿಯಲ್ಲಿ ಕೋಲು ಮೂಲೆಗೆ ವಾಲಿದಾಗ ಅಕ್ಕಪಕ್ಕದ ಎರಡು ಸ್ವಿಚ್‌ಗಳು ಒಟ್ಟಿಗೆ ಒತ್ತಲ್ಪಡುತ್ತವೆ. ಮೂಲೆಯ ಚಲನೆಯೇ ಇಲ್ಲದ ಪ್ಯಾಕ್-ಮ್ಯಾನ್‌ನಲ್ಲಿ ಇದರಿಂದ ತಿರುವುಗಳು ತಪ್ಪುತ್ತವೆ. ಡಾಂಕಿ ಕಾಂಗ್‌ನಲ್ಲಿ ಏಣಿಯ ಬುಡದಲ್ಲಿ ನಾಯಕ ಹತ್ತದೆ ತಡವರಿಸುತ್ತಾನೆ. ಇದಕ್ಕೆ ಪರಿಹಾರವಾಗಿ ಜಪಾನಿನ ಸಾನ್ವಾ ಕಂಪನಿಯ ಜೆಎಲ್‌ಎಫ್‌ನಂಥ ಹಲವು ಮಾದರಿಗಳಲ್ಲಿ ಕೋಲಿನ ಓಲಾಟವನ್ನು ಮಿತಿಗೊಳಿಸುವ ತಡೆಫಲಕವೊಂದು ತಳದಲ್ಲಿದ್ದು, ಅದನ್ನು ಬಿಚ್ಚಿ ತಿರುಗಿಸಿ ಕೂರಿಸಿದರೆ ಎಂಟು ದಿಕ್ಕಿನ ಜಾಯ್‌ಸ್ಟಿಕ್ ನಾಲ್ಕು ದಿಕ್ಕಿನದಾಗುತ್ತದೆ. ಎರಡೂ ಬಗೆಯ ಆಟಗಳನ್ನು ಆಗಾಗ ಆಡುವವರು ಫಲಕದ ನಡುವೆ ನಾಲ್ಕು ದಿಕ್ಕಿನ ಪ್ರತ್ಯೇಕ ಜಾಯ್‌ಸ್ಟಿಕ್ ಒಂದನ್ನು ಇಡುವುದು ಲೇಸು.

ಪರದೆಯ ಲೆಕ್ಕ

ಮೂಲ ಯಂತ್ರಗಳಲ್ಲಿದ್ದದ್ದು ಹಳೆಯ ಟಿವಿಯಂಥ ಗಾಜಿನ ಚಿತ್ರನಳಿಕೆ, ಅಂದರೆ ಸಿಆರ್‌ಟಿ. ಅದರ ಚಿತ್ರದ ಸೊಗಸು ಬೇರೆಯೇ ಆಗಿದ್ದರೂ, ನಳಿಕೆಯೊಳಗೆ ಸಾವಿರಾರು ವೋಲ್ಟ್‌ಗಳ ಆವೇಶ ವಿದ್ಯುತ್ ತೆಗೆದ ಮೇಲೂ ಉಳಿದಿರಬಲ್ಲುದಾದ್ದರಿಂದ, ತರಬೇತಿಯಿಲ್ಲದವರು ಅದರ ಕವಚ ಬಿಚ್ಚಬಾರದು. ಮನೆಯ ನಿರ್ಮಾಣಕ್ಕೆ ಎಲ್‌ಸಿಡಿ ಮಾನಿಟರ್ ಸುರಕ್ಷಿತ. ಕಚೇರಿಗಳಲ್ಲಿ ಒಂದು ಕಾಲದಲ್ಲಿ ಸಾಮಾನ್ಯವಾಗಿದ್ದ, 1280×1024 ಚುಕ್ಕಿಗಳ 19 ಇಂಚಿನ ಚೌಕಾಕಾರದ ಮಾನಿಟರ್ ಈ ಕೆಲಸಕ್ಕೆ ಇಂದಿನ ಅಗಲವಾದ ಮಾನಿಟರ್‌ಗಿಂತ ಚೆನ್ನಾಗಿ ಒಗ್ಗುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಎಲೆಕ್ಟ್ರಾನಿಕ್ಸ್ ಪೇಟೆಗಳಲ್ಲಿ ಇಂಥವನ್ನು ಸೆಕೆಂಡ್ ಹ್ಯಾಂಡ್ ಆಗಿ ಹುಡುಕಬಹುದು.

ಈ ಒಗ್ಗಿಕೆಗೆ ಸರಳ ಗಣಿತದ ಆಧಾರವಿದೆ. ಪ್ಯಾಕ್-ಮ್ಯಾನ್‌ನ ಚಿತ್ರ 224 ಚುಕ್ಕಿ ಅಗಲ, 288 ಚುಕ್ಕಿ ಎತ್ತರದ್ದು. ಚುಕ್ಕಿಗಳನ್ನು ಪೂರ್ಣಸಂಖ್ಯೆಯಲ್ಲಿ ಹಿಗ್ಗಿಸಿದಾಗ ಮಾತ್ರ ಅಂಚುಗಳು ಚೂಪಾಗಿ ಕಾಣುತ್ತವೆ. 19 ಇಂಚಿನ ಮಾನಿಟರನ್ನು ನಿಲ್ಲಿಸಿದರೆ ಅದು 1024 ಅಗಲ, 1280 ಎತ್ತರವಾಗಿ, ನಾಲ್ಕು ಪಟ್ಟು ಹಿಗ್ಗಿದ 896×1152ರ ಚಿತ್ರ ಅದರೊಳಗೆ ಬಹುತೇಕ ತುಂಬಿ ಕೂರುತ್ತದೆ. ಅದನ್ನೇ ಮಲಗಿಸಿದರೆ ಮೂರು ಪಟ್ಟು ಮಾತ್ರ ಹಿಗ್ಗಿಸಲಾಗುತ್ತದೆ. 1920×1080ರ ಅಗಲವಾದ ಮಾನಿಟರ್‌ನಲ್ಲೂ ಮೂರು ಪಟ್ಟಿಗಿಂತ ಹೆಚ್ಚು ಸಾಧ್ಯವಾಗದೆ, ಚಿತ್ರ 672 ಚುಕ್ಕಿಗಳ ಅಗಲದಲ್ಲಿ, ಅಂದರೆ ಪರದೆಯ ಸುಮಾರು ಮೂರನೆಯ ಒಂದು ಭಾಗದಲ್ಲಿ ಇಕ್ಕಟ್ಟಾಗಿ ನಿಲ್ಲುತ್ತದೆ. ಪಟ್ಟಿಯಲ್ಲಿ ನಿಂತ ಆಟಗಳೇ ಹೆಚ್ಚಿದ್ದರೆ ಪರದೆಯನ್ನು ನಿಲ್ಲಿಸಿ, ಅಪರೂಪಕ್ಕೆ ಆಡುವ ಮಲಗಿದ ಆಟವನ್ನು ಅದರ ನಡುವೆ ಚಿಕ್ಕದಾಗಿ ಕಾಣಲು ಬಿಡುವುದೂ, ಹೊಡೆದಾಟದ ಆಟಗಳೇ ಹೆಚ್ಚಿದ್ದರೆ ಮಲಗಿಸುವುದೂ ಸರಿಯಾದ ಕ್ರಮ. ತಿರುಗುವ ಚೌಕಟ್ಟು ಮಾಡುವುದೂ ಸಾಧ್ಯವಾದರೂ, ಮೊದಲ ನಿರ್ಮಾಣದಲ್ಲಿ ಅದು ಹೆಚ್ಚಿನ ಹೊರೆ. ಟಿವಿಯನ್ನು ಬಳಸುವವರು ಅದರಲ್ಲಿ ಗೇಮ್ ಮೋಡ್ ಇದೆಯೇ ಎಂದು ನೋಡಬೇಕು; ಚಿತ್ರವನ್ನು ತಿದ್ದಿ ತೋರಿಸಲು ಟಿವಿ ತೆಗೆದುಕೊಳ್ಳುವ ಸಮಯದಿಂದ, ಗುಂಡಿ ಒತ್ತಿದ್ದಕ್ಕೂ ಪರದೆಯ ಮೇಲೆ ಅದು ಕಾಣುವುದಕ್ಕೂ ನಡುವೆ ಅಂತರ ಹುಟ್ಟುತ್ತದೆ.

ಮರಗೆಲಸ

ಪೆಟ್ಟಿಗೆಗೆ 18 ಮಿ.ಮೀ. ದಪ್ಪದ ಪ್ಲೈವುಡ್ ಅಥವಾ ಎಂಡಿಎಫ್ ಬಳಸುವುದು ವಾಡಿಕೆ. ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ ಎಂಡಿಎಫ್ ನುಣುಪಾಗಿದ್ದು ಬಣ್ಣ ಹಿಡಿಯಲು ಚೆನ್ನಾದರೂ, ಎಂಟು ಅಡಿ ಉದ್ದ ನಾಲ್ಕು ಅಡಿ ಅಗಲದ ಒಂದು ಹಾಳೆಯೇ ಸುಮಾರು 40 ಕಿಲೊ ತೂಗುತ್ತದೆ, ನೀರು ತಾಗಿದರೆ ಊದುತ್ತದೆ, ಅಂಚಿಗೆ ಹಾಕಿದ ಸ್ಕ್ರೂ ಸುಲಭವಾಗಿ ಸಡಿಲಗೊಳ್ಳುತ್ತದೆ. ಕರಾವಳಿ, ಮಲೆನಾಡುಗಳ ಮಳೆಗಾಲದ ತೇವವನ್ನು ನೆನೆದರೆ, ಕುದಿನೀರು ತಡೆಯುವ ಬಿಡಬ್ಲ್ಯೂಆರ್ ದರ್ಜೆಯ ಪ್ಲೈವುಡ್ ಅಲ್ಲಿ ಹೆಚ್ಚು ನಂಬಿಕೆಯದು. ಗೆದ್ದಲಿನ ಭಯವಿರುವ ಮನೆಗಳಲ್ಲಿ ಪೆಟ್ಟಿಗೆಯ ತಳ ನೆಲಕ್ಕೆ ನೇರವಾಗಿ ತಾಗದಂತೆ ರಬ್ಬರ್ ಕಾಲು ಅಥವಾ ಚಕ್ರಗಳನ್ನು ಕೊಡುವುದು ಒಳಿತು.

ಅಳತೆಯಲ್ಲಿ ಹಾಳೆಯ ಮಿತವ್ಯಯವನ್ನೂ ಆಡುವವರ ಮೈಕಟ್ಟನ್ನೂ ಒಟ್ಟಿಗೆ ನೋಡಬೇಕು. ಪಕ್ಕದ ಹಲಗೆ 170 ಸೆಂ.ಮೀ. ಎತ್ತರ, 60 ಸೆಂ.ಮೀ. ಆಳ ಇದ್ದರೆ, 122 ಸೆಂ.ಮೀ. ಅಗಲದ ಒಂದೇ ಹಾಳೆಯಲ್ಲಿ ಎರಡೂ ಪಕ್ಕಗಳು ಗರಗಸದ ದಾರಿ ಕಳೆದೂ ಹಿಡಿಸುತ್ತವೆ. ಮುಂಭಾಗ, ತಳ, ನೆತ್ತಿ, ಮಾನಿಟರ್ ಕೂರುವ ಹಲಗೆ ಮುಂತಾದ ಅಡ್ಡ ಭಾಗಗಳಿಗೆ ಸಾಮಾನ್ಯವಾಗಿ ಇನ್ನೊಂದು ಹಾಳೆ ಸಾಕು. ಒಬ್ಬರು ಆಡುವ ಪೆಟ್ಟಿಗೆಗೆ 50 ಸೆಂ.ಮೀ. ಒಳ ಅಗಲ ಸಾಕಾದರೆ, ಇಬ್ಬರು ಭುಜಕ್ಕೆ ಭುಜ ತಾಗದಂತೆ ನಿಲ್ಲಲು 65 ಸೆಂ.ಮೀ. ಆದರೂ ಬೇಕು. ಫಲಕದ ಎತ್ತರ ನೆಲದಿಂದ 90ರಿಂದ 100 ಸೆಂ.ಮೀ. ಇದ್ದರೆ ವಯಸ್ಕರಿಗೆ ಮೊಣಕೈ ಬಾಗಿಸಿ ಆಡಲು ಹಿತವಾಗುತ್ತದೆ. ಹಲಗೆ ಕೊಯ್ಯುವ ಮುನ್ನ ರಟ್ಟಿನಲ್ಲಿ ಫಲಕದ ನಮೂನೆ ಮಾಡಿ ಮೇಜಿನ ಮೇಲಿಟ್ಟು ಕೈ ಊರಿ ನೋಡುವುದೂ, ಮನೆಯ ಬಾಗಿಲಿನ ಅಗಲವನ್ನು ಅಳೆದುಕೊಳ್ಳುವುದೂ ಮರೆಯಬಾರದ ಎರಡು ಎಚ್ಚರಗಳು.

ಎರಡು ಪಕ್ಕಗಳೂ ತದ್ರೂಪವಾಗಿರಬೇಕಾದ್ದರಿಂದ ಮೊದಲನೆಯದನ್ನು ಜಿಗ್‌ಸಾದಿಂದ ಕೊಯ್ದು, ಉಪ್ಪುಕಾಗದದಿಂದ ಅಂಚು ತಿದ್ದಿ, ಅದನ್ನೇ ಅಚ್ಚಾಗಿ ಎರಡನೆಯದರ ಮೇಲಿಟ್ಟು ಗೆರೆ ಎಳೆಯಬೇಕು. ಬಳಿಕ ಎರಡೂ ಪಕ್ಕಗಳ ಒಳಮೈಗೆ, ಅಡ್ಡ ಹಲಗೆಗಳು ಕೂರುವ ಜಾಗದಲ್ಲಿ, ರೀಪರ್ ಪಟ್ಟಿಗಳನ್ನು ಅಂಟು ಮತ್ತು ಸ್ಕ್ರೂಗಳಿಂದ ಕೂರಿಸಿ, ಅಡ್ಡ ಹಲಗೆಗಳನ್ನು ಆ ಪಟ್ಟಿಗಳಿಗೆ ಒಳಗಿನಿಂದ ಬಿಗಿದರೆ ಹೊರಮೈಯಲ್ಲಿ ಸ್ಕ್ರೂ ಕಾಣುವುದಿಲ್ಲ. ಪ್ರತಿ ಜೋಡಣೆಯಲ್ಲೂ ಮೂಲೆಮಟ್ಟ ಇಟ್ಟು ನೋಡದಿದ್ದರೆ ಕೊನೆಯಲ್ಲಿ ಹಿಂಬಾಗಿಲು ಕೂರುವುದಿಲ್ಲ. ಹಿಂಭಾಗಕ್ಕೆ 6 ಮಿ.ಮೀ. ಪ್ಲೈವುಡ್ ಸಾಕು, ಅದನ್ನು ಮುಚ್ಚಿ ಅಂಟಿಸದೆ ಬಿಚ್ಚಬಹುದಾದ ಬಾಗಿಲಾಗಿ ಮಾಡಿ, ಕೆಳಗೂ ಮೇಲೂ ಗಾಳಿಕಂಡಿಗಳನ್ನು ಕೊರೆದರೆ ಬಿಸಿಗಾಳಿ ತಾನಾಗಿ ಮೇಲಿನಿಂದ ಹೊರಗೆ ಹೋಗುತ್ತದೆ.

ಫಲಕ ಮತ್ತು ತಂತಿ

ನಿಯಂತ್ರಣ ಫಲಕದಲ್ಲಿ ಗುಂಡಿಯ ಜಾತಿ ನೋಡಿ ರಂಧ್ರ ಕೊರೆಯಬೇಕು. ಜಪಾನಿ ಮಾದರಿಯ ಗುಂಡಿಗಳಿಗೆ 30 ಮಿ.ಮೀ. ರಂಧ್ರ ಬೇಕಾಗಿದ್ದು, ಅವು ತೆಳುವಾದ ಲೋಹ ಅಥವಾ ಅಕ್ರಿಲಿಕ್ ಹಾಳೆಗೆ ಹೇಳಿಮಾಡಿಸಿದವು. ಅಮೆರಿಕನ್ ಮಾದರಿಯವಕ್ಕೆ ಸುಮಾರು 28 ಮಿ.ಮೀ. ರಂಧ್ರ ಸಾಕಾಗಿ, ಅವುಗಳ ಉದ್ದನೆಯ ತಿರುಪುಕತ್ತು 18 ಮಿ.ಮೀ. ಮರವನ್ನು ದಾಟಿ ಕೆಳಗಿನಿಂದ ನಟ್ಟಿನಲ್ಲಿ ಬಿಗಿಯುತ್ತದೆ. ಮರದ ಫಲಕಕ್ಕೆ ಎರಡನೆಯದು ಅನುಕೂಲ. ಜಾಯ್‌ಸ್ಟಿಕ್‌ನ ಕೋಲು ಗಿಡ್ಡವಾದ್ದರಿಂದ ಅದು ಕೂರುವ ಜಾಗದಲ್ಲಿ ಫಲಕದ ಕೆಳಮೈಯನ್ನು ರೂಟರ್ ಯಂತ್ರದಿಂದ ತೋಡಿ ತೆಳುಮಾಡಬೇಕು, ಇಲ್ಲವಾದರೆ ಮೇಲೆ ಗುಂಡಾದ ತುದಿ ಮಾತ್ರ ಉಳಿದು ಹಿಡಿತ ಸಿಗುವುದಿಲ್ಲ. ಹೋಲ್ ಸಾ ಬಳಸುವಾಗ ಫಲಕದ ಹಿಂದೆ ಹಳೆಯ ಹಲಗೆಯೊಂದನ್ನು ಒತ್ತಿಟ್ಟರೆ ರಂಧ್ರದ ಅಂಚು ಸಿಬಿರೇಳುವುದಿಲ್ಲ.

ತಂತಿ ಜೋಡಣೆಯ ತತ್ತ್ವ ಸರಳ. ಅಮೆರಿಕನ್ ಮಾದರಿಯ ಗುಂಡಿಯ ಕೆಳಗಿರುವ ಮೈಕ್ರೊಸ್ವಿಚ್‌ಗೆ ಮೂರು ಕಾಲುಗಳಿದ್ದು, ಒಂದು ಎಲ್ಲಕ್ಕೂ ಸಾಮಾನ್ಯವಾದದ್ದು, ಇನ್ನೊಂದು ಒತ್ತಿದಾಗ ಸೇರುವುದು, ಮತ್ತೊಂದು ಒತ್ತಿದಾಗ ಬಿಡುವುದು. ಇವುಗಳಲ್ಲಿ ಮೊದಲೆರಡನ್ನು ಮಾತ್ರ ಬಳಸಬೇಕು. ಸಾಮಾನ್ಯ ಕಾಲುಗಳನ್ನೆಲ್ಲ ಒಂದೇ ಗ್ರೌಂಡ್ ತಂತಿಯಿಂದ ಹೂಮಾಲೆಯಂತೆ ಪೋಣಿಸಿ, ಎರಡನೆಯ ಕಾಲುಗಳಿಂದ ಒಂದೊಂದು ತಂತಿಯನ್ನು ಎನ್‌ಕೋಡರ್ ಬೋರ್ಡಿಗೆ ಒಯ್ಯಲಾಗುತ್ತದೆ. ಎನ್‌ಕೋಡರ್ ಎಂದರೆ ಸ್ವಿಚ್ಚಿನ ಒತ್ತುವಿಕೆಯನ್ನು ಕೀಬೋರ್ಡ್ ಅಥವಾ ಗೇಮ್‌ಪ್ಯಾಡ್ ಸಂಕೇತವಾಗಿ ಬದಲಿಸಿ, ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ತಿಳಿಸುವ ಸಣ್ಣ ಬೋರ್ಡ್. ಇಬ್ಬರು ಆಟಗಾರರಿಗೆ ನಾಲ್ಕು ದಿಕ್ಕು ಮತ್ತು ಆರು ಗುಂಡಿಯಂತೆ 20, ನಾಣ್ಯ ಹಾಗೂ ಆರಂಭದ ಗುಂಡಿಗಳು ಸೇರಿ 24 ಸಂಕೇತಗಳಾಗುತ್ತವೆ. ಜೊತೆಗೆ ಆಟದಿಂದ ಹೊರಬರುವ ಗುಂಡಿಯೊಂದನ್ನು ಕೈ ಆಕಸ್ಮಿಕವಾಗಿ ತಾಗದ ಜಾಗದಲ್ಲಿ ಇಡಬೇಕು. ತಂತಿಗಳನ್ನು ಬೆಸುಗೆ ಹಾಕದೆ ಸಿಕ್ಕಿಸುವ ಕ್ಲಿಪ್‌ಗಳಿಂದ ಜೋಡಿಸಿದರೆ ಹಾಳಾದ ಸ್ವಿಚ್ಚನ್ನು ನಿಮಿಷದಲ್ಲಿ ಬದಲಿಸಬಹುದು. ಕ್ಲಿಪ್ ಕೊಳ್ಳುವಾಗ ಜಪಾನಿ ಗುಂಡಿಗಳಿಗೆ 2.8 ಮಿ.ಮೀ., ಅಮೆರಿಕನ್ ಗುಂಡಿಗಳಿಗೆ 4.8 ಮಿ.ಮೀ. ಅಗಲದ್ದು ಬೇಕೆಂಬುದನ್ನು ಗಮನಿಸಬೇಕು.

ಕಂಪ್ಯೂಟರ್, ಎಮ್ಯುಲೇಟರ್, ಹಕ್ಕುಸ್ವಾಮ್ಯ

ಒಂದು ಯಂತ್ರದ ವರ್ತನೆಯನ್ನು ಇನ್ನೊಂದರ ಮೇಲೆ ತಂತ್ರಾಂಶದಿಂದ ಅನುಕರಿಸುವುದನ್ನು ಎಮ್ಯುಲೇಶನ್ ಎನ್ನುತ್ತಾರೆ. ಆರ್ಕೇಡ್ ಯಂತ್ರಗಳ ಮಟ್ಟಿಗೆ ಇದರಲ್ಲಿ ಪ್ರಮುಖವಾದದ್ದು ಇಟಲಿಯ ನಿಕೋಲಾ ಸಾಲ್ಮೋರಿಯಾ 1997ರಲ್ಲಿ ಆರಂಭಿಸಿ, 2016ರಿಂದ ಮುಕ್ತ ತಂತ್ರಾಂಶವಾಗಿ ಲಭ್ಯವಿರುವ ಮೇಮ್. ಪ್ಯಾಕ್-ಮ್ಯಾನ್ ಯಂತ್ರದ ಪ್ರೊಸೆಸರ್ ಸುಮಾರು 3 ಮೆಗಾಹರ್ಟ್ಸ್ ವೇಗದ್ದಾದ್ದರಿಂದ, 2019ರಲ್ಲಿ ಬಂದ ರಾಸ್ಪ್‌ಬೆರಿ ಪೈ 4 ಎಂಬ ಅಂಗೈಯಗಲದ ಕಂಪ್ಯೂಟರಿಗೆ ಆ ಕಾಲದ ಆಟಗಳು ಹೊರೆಯೇ ಅಲ್ಲ. ಮನೆಯ ಹಳೆಯ ಕಂಪ್ಯೂಟರ್ ಇದ್ದರೂ ಸಾಕು. ರೆಟ್ರೊಪೈ, ಬಟೊಸೆರಾ ಮುಂತಾದ ಉಚಿತ ವ್ಯವಸ್ಥೆಗಳು ಎಮ್ಯುಲೇಟರನ್ನೂ, ಆಟಗಳನ್ನು ಪಟ್ಟಿಮಾಡಿ ತೋರಿಸುವ ಮುಖಪುಟವನ್ನೂ ಒಟ್ಟಾಗಿ ಕೊಡುತ್ತವೆ. ಮೇಮ್‌ನಲ್ಲಿ ಮೊದಲೇ ಗೊತ್ತುಮಾಡಿದ ಕ್ರಮದಂತೆ 5 ಕೀಲಿ ನಾಣ್ಯಕ್ಕೂ 1 ಕೀಲಿ ಆರಂಭಕ್ಕೂ ಮೀಸಲಾಗಿದ್ದು, ಎನ್‌ಕೋಡರನ್ನು ಅದಕ್ಕೆ ಹೊಂದಿಸಿದರೆ ನಾಣ್ಯದ ಬದಲು ಗುಂಡಿಯೊತ್ತಿ ಆಟ ತೊಡಗಬಹುದು.

ಮೂಲ ಯಂತ್ರದ ಚಿಪ್ಪುಗಳಲ್ಲಿದ್ದ ಆಟದ ಮಾಹಿತಿಯ ಪ್ರತಿಗೆ ರಾಮ್ ಕಡತವೆಂದು ಹೆಸರು. ಎಮ್ಯುಲೇಟರ್ ಉಚಿತವಾದ ಮಾತ್ರಕ್ಕೆ ಆಟವೂ ಉಚಿತವಾಗುವುದಿಲ್ಲ. ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿಯಂತೆ ಪರಿಗಣಿಸಿ, ಪ್ರತಿಯನ್ನು ಕಾನೂನುಬದ್ಧವಾಗಿ ಹೊಂದಿದವರಿಗೆ ಅದು ನಷ್ಟವಾಗದಂತೆ ಕಾಪುಪ್ರತಿ ಮಾಡಿಕೊಳ್ಳುವಂಥ ಸೀಮಿತ ಅವಕಾಶಗಳನ್ನು ನೀಡುತ್ತದೆ. ಸಾವಿರಾರು ಆಟ ತುಂಬಿ ಮಾರುವ ಅಗ್ಗದ ಬೋರ್ಡುಗಳನ್ನು ಈ ದೃಷ್ಟಿಯಿಂದ ದೂರವಿಡುವುದೇ ಸರಿ. ನೇರ ಮಾರ್ಗಗಳೂ ಇವೆ. ರಾಬಿ ರೋಟೊ, ಗ್ರಿಡ್ಲೀ ಮುಂತಾದ ಕೆಲವು ಆಟಗಳನ್ನು ಹಕ್ಕುದಾರರು ವಾಣಿಜ್ಯೇತರ ಬಳಕೆಗೆ ಬಿಟ್ಟುಕೊಟ್ಟಿದ್ದಾರೆ. ಪೆಟ್ಟಿಗೆಯೊಳಗೆ ಸಾಮಾನ್ಯ ಕಂಪ್ಯೂಟರನ್ನೇ ಇಟ್ಟರೆ, ಕ್ಯಾಪ್ಕಾಮ್ ಮೊದಲಾದ ಕಂಪನಿಗಳು ತಮ್ಮ ಹಳೆಯ ಆಟಗಳನ್ನು ಕೂಡಿಸಿ ಮಾರುವ ಅಧಿಕೃತ ಸಂಕಲನಗಳನ್ನು ಕೊಂಡು, ಅದೇ ಜಾಯ್‌ಸ್ಟಿಕ್‌ನಿಂದ ಆಡಬಹುದು.

ವಿದ್ಯುತ್ತು ಮತ್ತು ಕೊನೆಯ ಪರೀಕ್ಷೆ

ಪೆಟ್ಟಿಗೆಯೊಳಗೆ 230 ವೋಲ್ಟ್ ಬರುವುದು ಒಂದೇ ಕಡೆ ಇರಬೇಕು: ಅರ್ಥಿಂಗ್ ಇರುವ ಮೂರು ಪಿನ್ನಿನ ತಂತಿಯಿಂದ ಒಳ್ಳೆಯ ಎಕ್ಸ್‌ಟೆನ್ಷನ್ ಬೋರ್ಡಿಗೆ. ಮಾನಿಟರ್, ಪೈ ಕಂಪ್ಯೂಟರಿನ 5 ವೋಲ್ಟ್ 3 ಆಂಪಿಯರ್ ಅಡಾಪ್ಟರ್, ಮಾರ್ಕೀಯ ಹಿಂದಿನ ಎಲ್‌ಇಡಿ ಪಟ್ಟಿಯ 12 ವೋಲ್ಟ್ ಅಡಾಪ್ಟರ್ ಎಲ್ಲವೂ ಅದಕ್ಕೇ ಸೇರಿ, ಗುಂಡಿಗಳ ತಂತಿಗಳು ಅದರಿಂದ ದೂರ ಸಾಗಬೇಕು. ಲೋಹದ ಫಲಕ ಬಳಸಿದ್ದರೆ ಅದನ್ನೂ ಅರ್ಥಿಂಗ್‌ಗೆ ಸೇರಿಸಬೇಕು. ಮೆಮೊರಿ ಕಾರ್ಡಿನಿಂದ ನಡೆಯುವ ಪೈ ಕಂಪ್ಯೂಟರ್ ಬರೆಯುತ್ತಿರುವಾಗ ಕರೆಂಟ್ ಹೋದರೆ ಕಾರ್ಡಿನ ಕಡತಗಳು ಕೆಡಬಹುದಾದ್ದರಿಂದ, ಕರೆಂಟ್ ಆಗಾಗ ಕೈಕೊಡುವ ಊರುಗಳಲ್ಲಿ ಯಂತ್ರವನ್ನು ಯುಪಿಎಸ್ ಮೂಲಕ ನಡೆಸುವುದೂ, ಸಿದ್ಧಗೊಂಡ ಕಾರ್ಡಿನ ಒಂದು ಪ್ರತಿಯನ್ನು ತೆಗೆದಿಡುವುದೂ ಜಾಣತನ.

ಬಣ್ಣ ಬಳಿಯುವ ಮುನ್ನವೇ ಎಲ್ಲವನ್ನೂ ಕೂರಿಸಿ ಕೆಲವು ದಿನ ಆಡಿನೋಡಬೇಕು. ಮಣಿಕಟ್ಟಿಗೆ ಫಲಕದ ಅಂಚು ಚುಚ್ಚುವುದು, ಮೇಲಿನ ದೀಪ ಪರದೆಯ ಗಾಜಿನಲ್ಲಿ ಪ್ರತಿಫಲಿಸುವುದು, ಆಟದ ಬಿರುಸಿನಲ್ಲಿ ಪೆಟ್ಟಿಗೆ ಅಲುಗುವುದು ಇವೆಲ್ಲ ಆಗಲೇ ಗೊತ್ತಾಗಿ, ಆಗಲೇ ತಿದ್ದಲು ಸುಲಭವಾಗಿರುತ್ತವೆ. ಫಲಕವನ್ನು ಪೆಟ್ಟಿಗೆಗೆ ಅಂಟಿಸದೆ ನಾಲ್ಕು ಬೋಲ್ಟ್‌ಗಳಿಂದ ಬಿಗಿದು, ಅದರ ತಂತಿಗಳನ್ನು ಎನ್‌ಕೋಡರ್ ಸಮೇತ ಫಲಕದ ಅಡಿಯಲ್ಲೇ ಕಟ್ಟಿ, ಯುಎಸ್‌ಬಿ ತಂತಿಯನ್ನಷ್ಟೇ ಪೆಟ್ಟಿಗೆಗೆ ಬಿಟ್ಟರೆ, ಮೊದಲ ಪಟ್ಟಿಯಲ್ಲಿ ಹೊರಗುಳಿದ ಟ್ರ್ಯಾಕ್‌ಬಾಲ್ ಅಥವಾ ಸ್ಪಿನ್ನರ್ ಆಟಗಳಿಗಾಗಿ ಮುಂದೆ ಇನ್ನೊಂದು ಫಲಕ ಮಾಡಿ ಅದೇ ನಾಲ್ಕು ಬೋಲ್ಟ್‌ಗಳಿಗೆ ಬಿಗಿಯಬಹುದು. ಆಗ ಪೆಟ್ಟಿಗೆ ಒಂದೇ ಆಗಿದ್ದರೂ ಪ್ರತಿಯೊಂದು ಆಟದ ಗುಂಪಿಗೂ ಅದರದೇ ಅಳತೆಯ ಫಲಕ ಸಿಕ್ಕಂತಾಗುತ್ತದೆ.